ಪೆರ್ಲದಲ್ಲಿ ಐನೂರು, ವಿಟ್ಲದಲ್ಲಿ ಐದುನೂರು

2019ರ ಆಗಸ್ಟ್ 1ರಂದು ಕೇರಳದಲ್ಲಿ ನೆರೆ ಸೆಸ್, ಅಂದರೆ ನೆರೆಹಾನಿಯ ಪುನರ್ನಿರ್ಮಾಣಕ್ಕೆಂದು ಹೆಚ್ಚುವರಿ ತೆರಿಗೆ, ಜಾರಿಗೆ ಬಂತು. ಶೇ 12, 18, 28ರ ಜಿಎಸ್‌ಟಿ ಇದ್ದ ಸರಕನ್ನು ಜಿಎಸ್‌ಟಿ ನೋಂದಣಿಯಿಲ್ಲದ ಗಿರಾಕಿಗೆ ಮಾರಿದರೆ ಇನ್ನೂ ಶೇ 1 ಸೇರಿಸಬೇಕಿತ್ತು. ಕೇರಳದ ಪೆರ್ಲದ ಅಂಗಡಿಯ ಬಿಲ್ಲಿಗೆ ಅದು ಬೇಕಿತ್ತು. ಸಾರಡ್ಕದ ಗಡಿ ದಾಟಿ ಕರ್ನಾಟಕದ ವಿಟ್ಲಕ್ಕೆ ಹೋದರೆ ಬೇಕಿರಲಿಲ್ಲ. ಬದಿಯಡ್ಕದಲ್ಲಿ ಕುಳಿತು ಎರಡೂ ಕಡೆಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವ ನಾನು ವಿಟ್ಲಕ್ಕೆಂದು ಕೋಡಿನ ನಕಲು ಮಾಡಿಟ್ಟಿದ್ದೆ. ಪೆರ್ಲದ್ದರಲ್ಲಿ ಸೆಸ್ ಸೇರಿಸುವಾಗಲೇ, ಮೊತ್ತವನ್ನು ಅಕ್ಷರದಲ್ಲಿ ಬರೆಯುವಲ್ಲಿ 'ಐದುನೂರು' ಎಂದಿದ್ದುದನ್ನು 'ಐನೂರು' ಎಂದು ತಿದ್ದಿದೆ. ನಕಲನ್ನು ಮರೆತೆ. 2021ರ ಜುಲೈ 31ಕ್ಕೆ ಸೆಸ್ ಮುಗಿಯಿತು. ವಿಟ್ಲದ ಐದುನೂರು ಮುಗಿಯಲಿಲ್ಲ.

ಒಂದೇ ಕೋಡು ಎರಡು ಕಡೆ ಇದ್ದು, ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಹಳೆಯ ರೋಗ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಒಂದೊಂದು ಕಡತದ ಬದಲಾವಣೆಗಳ ಲೆಕ್ಕ ಇಡುತ್ತಿತ್ತು. ಎರಡು ಯೋಜನೆಗಳ ನಡುವಿನ ಹಂಚಿಕೆ ಅದರ ಚಿಂತೆಯಲ್ಲ. ಅಂಥದೇ ಲೆಕ್ಕ ಇಡುವ, 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್‌ನ 'ಎಕ್ಸ್‌ಟರ್ನಲ್ಸ್' ಸೌಲಭ್ಯ ಬೇರೆಡೆಯ ಕೋಡನ್ನು ನಮ್ಮ ಫೋಲ್ಡರಿಗೆ ತಂದಿಡುತ್ತಿತ್ತು. ಆವೃತ್ತಿ ಇಂತಹುದೇ ಎಂದು ನಮೂದಿಸದಿದ್ದರೆ ಸದಾ ಹೊಸತೇ ಬರುತ್ತಿತ್ತು. ನಿನ್ನೆ ಓಡಿದ್ದು ಇಂದು ಕೆಟ್ಟರೆ ದೂರು ಯಾರ ಮೇಲೆ?

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದೇ ಕೆಲಸಕ್ಕೆ ಗಿಟ್ ಬರೆದರು. ಸಬ್‌ಮಾಡ್ಯೂಲ್ ಸೌಲಭ್ಯ ಅದಕ್ಕೆ 2007ರಲ್ಲಿ ಸೇರಿತು. ಅದು ಸ್ವಭಾವದಲ್ಲಿ ಎಕ್ಸ್‌ಟರ್ನಲ್ಸ್‌ಗೆ ತದ್ವಿರುದ್ಧ. ಹಂಚಿಕೊಂಡ ಕೋಡಿನ ಒಂದು ನಿರ್ದಿಷ್ಟ ಕಮಿಟ್‌ಗೆ, ಅಂದರೆ ದಾಖಲಾದ ಒಂದು ಸ್ಥಿತಿಗೆ, ಪ್ರತಿ ಯೋಜನೆಯೂ ಗೂಟ ಹೊಡೆದು ನಿಲ್ಲುತ್ತದೆ. ನಾವಾಗಿ ಕಿತ್ತು ಮುಂದೆ ನೆಡುವವರೆಗೆ ಕದಲುವುದಿಲ್ಲ. ಯೋಜನೆಯಲ್ಲಿ ಇರುವುದು ಗೂಟದ ಗುರುತು ಮಾತ್ರ, ಕೋಡನ್ನು ಬೇರೆಯಾಗಿ ತರಿಸಬೇಕು; ಹೊಸಬರು ಕ್ಲೋನ್ ಮಾಡಿ (ಯೋಜನೆಯ ಪ್ರತಿ ಇಳಿಸಿಕೊಂಡು) ಖಾಲಿ ಫೋಲ್ಡರ್ ನೋಡಿ ಗಾಬರಿಯಾಗುವುದು ಇದರಿಂದಲೇ. ಆ ಕಿರಿಕಿರಿ ಬೇಡವೆಂದವರಿಗೆ ಸಬ್‌ಟ್ರೀ ಇದೆ: ಕೋಡು ಇತಿಹಾಸದ ಸಮೇತ ಒಳಗೇ ಬೆರೆಯುತ್ತದೆ, ಆದರೆ ತಿದ್ದಿದ್ದನ್ನು ಮೂಲಕ್ಕೆ ಮರಳಿಸುವ ಉತ್ಸಾಹ ಬೇಗ ಬತ್ತುತ್ತದೆ.

ಹಂಚಿಕೆಯನ್ನು ಪ್ಯಾಕೇಜ್ ಭಂಡಾರಕ್ಕೇ ಒಪ್ಪಿಸಿದವರಿಗೆ 2016ರ ಮಾರ್ಚ್‌ನಲ್ಲಿ ಬಿಸಿ ಮುಟ್ಟಿತು. ಜಾವಾಸ್ಕ್ರಿಪ್ಟ್ ಕೋಡಿನ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಿಂದ 'ಲೆಫ್ಟ್‌-ಪ್ಯಾಡ್' ಎಂಬ 11 ಸಾಲಿನ ತುಣುಕನ್ನು ಬರೆದವರೇ ಹಿಂತೆಗೆದರು. ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳು ಮುಗ್ಗರಿಸಿದವು. ಗೂಗಲ್ ಬಹುಪಾಲು ಕೋಡನ್ನು ಒಂದೇ ಭಂಡಾರದಲ್ಲಿ ಇಡುತ್ತದೆ, ಅದಕ್ಕೆ ಬೇಕಾದ ಸಲಕರಣೆಗಳನ್ನೂ ತಾನೇ ಕಟ್ಟಿಕೊಂಡಿದೆ. ಒಂಟಿ ಲ್ಯಾಪ್‌ಟಾಪಿನವನಿಗೆ ಅದು ಆನೆಯ ಅಂಗಿ.

ನಾನು ಸಬ್‌ಮಾಡ್ಯೂಲ್ ಹಿಡಿದೆ. ತೆರಿಗೆ ಆಯಾ ಅಂಗಡಿಯ ಯೋಜನೆಯಲ್ಲಿ, ಅಂಕಿಯನ್ನು ಅಕ್ಷರ ಮಾಡುವ ಕೋಡು ಮಾತ್ರ ಹಂಚಿಕೆಯಲ್ಲಿ. ಮೊನ್ನೆ 'ಒಂಬತ್ತುನೂರು' ಇದ್ದುದನ್ನು 'ಒಂಬೈನೂರು' ಮಾಡಿದೆ. ಪೆರ್ಲದಲ್ಲಿ ಅಂದೇ ಬಂತು. ವಿಟ್ಲಕ್ಕೆ ಒಂದು ವಾರ ತಡವಾಯಿತು, ಗೂಟ ಕೀಳಲು ಮರೆತಿದ್ದೆ.