ಗುಲಾಮರು ಕೋರ್ಟಿಗೆ ಹೋಗಬಹುದಿತ್ತಾ?

ಪ್ರಶ್ನೆ: ಬ್ರಿಟಿಷರ ಆಳ್ವಿಕೆಯ ಅಮೆರಿಕದಲ್ಲಿ ಆಳುಗಳು, ಗುಲಾಮರು ಯಜಮಾನನ ವಿರುದ್ಧ ಕೇಸು ಹಾಕಬಹುದಿತ್ತಾ? ಹಾಕಿದರೂ ನ್ಯಾಯ ಸಿಗುತ್ತಿತ್ತಾ?

ಹಾಕಬಹುದಿತ್ತು. ಕೆಲವರು ಗೆದ್ದೂ ಇದ್ದಾರೆ. ಆದರೆ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದ ಕೌಂಟಿ (ಜಿಲ್ಲೆ) ಕೋರ್ಟುಗಳಲ್ಲಿ ತೀರ್ಪು ಕೊಡಲು ಕೂರುತ್ತಿದ್ದವರು ಆ ಊರಿನ ದೊಡ್ಡ ಜಮೀನ್ದಾರರೇ. ಅವರ ತಂಬಾಕಿನ ಹೊಲಗಳಲ್ಲೂ ಆಳುಗಳು ದುಡಿಯುತ್ತಿದ್ದರು.

ಇಂಗ್ಲೆಂಡಿನಿಂದ ಬಂದ ಆಳುಗಳಲ್ಲಿ ಹೆಚ್ಚಿನವರು ಕರಾರಿನವರು. ಹಡಗಿನ ಖರ್ಚಿಗೆ ಬದಲಾಗಿ ಇಷ್ಟು ವರ್ಷ ಅಂತ ದುಡಿಯಬೇಕು. ಅವಧಿ ಮುಗಿದರೂ ಬಿಡದಿದ್ದರೆ ದೂರು ಕೊಡಬಹುದಿತ್ತು. ಓಡಿಹೋಗಿ ಸಿಕ್ಕಿಬಿದ್ದರೆ ಮಾತ್ರ ಅವಧಿ ಇನ್ನೂ ಬೆಳೆಯುತ್ತಿತ್ತು. 1640ರಲ್ಲಿ ಮೂವರು ಜೊತೆಯಾಗಿ ಓಡಿ ಸಿಕ್ಕಿಬಿದ್ದರು. ವಸಾಹತಿನ ಮೇಲಿನ ಕೋರ್ಟು ಇಬ್ಬರು ಬಿಳಿಯರಿಗೆ ನಾಲ್ಕು ವರ್ಷ ಜಾಸ್ತಿ ದುಡಿಮೆ ಹಾಕಿತು. ಮೂರನೆಯವನು ಜಾನ್ ಪಂಚ್, ಕಪ್ಪು ಮನುಷ್ಯ. ಅವನು ಸಾಯುವವರೆಗೂ ದುಡಿಯಬೇಕು ಅಂದಿತು. ತಪ್ಪು ಒಂದೇ ಅಲ್ವಾ?

ನನ್ನ ಮನಸ್ಸು ಬಿಟ್ಟುಹೋಗದ ಕೇಸು ಎಲಿಜಬೆತ್ ಕೀ ಅವರದು. ತಾಯಿ ಆಫ್ರಿಕಾದ ಗುಲಾಮ ಹೆಂಗಸು, ತಂದೆ ಥಾಮಸ್ ಕೀ ಇಂಗ್ಲಿಷ್ ಜಮೀನ್ದಾರ. 1636ರಲ್ಲಿ ತಂದೆ ಈ ಪುಟ್ಟ ಹುಡುಗಿಯನ್ನು ಒಂಬತ್ತು ವರ್ಷದ ಕರಾರಿಗೆ ಒಬ್ಬರ ಮನೆಯಲ್ಲಿ ಬಿಟ್ಟರು. ಆಮೇಲೆ ಅವಳು ಇನ್ನೊಬ್ಬ ಯಜಮಾನನ ಕೈಸೇರಿದಳು. ಒಂಬತ್ತಲ್ಲ, ಸುಮಾರು ಇಪ್ಪತ್ತು ವರ್ಷ ಕಳೆಯಿತು. 1655ರಲ್ಲಿ ಆ ಯಜಮಾನ ಸತ್ತಾಗ, ಅವನ ಆಸ್ತಿ ನೋಡಿಕೊಳ್ಳುವವರು ಇವಳನ್ನೂ ಗುಲಾಮಳು ಅಂತ ಲೆಕ್ಕಕ್ಕೆ ಸೇರಿಸಿದರು.

ಎಲಿಜಬೆತ್ ನಾರ್ಥಂಬರ್‌ಲ್ಯಾಂಡ್ ಕೌಂಟಿ ಕೋರ್ಟಿನ ಮೆಟ್ಟಿಲು ಹತ್ತಿದಳು. ತಂದೆ ಸ್ವತಂತ್ರ ಇಂಗ್ಲಿಷ್ ಪ್ರಜೆ, ನನಗೆ ದೀಕ್ಷಾಸ್ನಾನ (ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ) ಆಗಿದೆ, ಕರಾರು ಎಂದೋ ಮುಗಿದಿದೆ: ಇವು ಅವಳ ವಾದ. ತಂದೆ ಯಾರು ಅನ್ನುವುದಕ್ಕೆ ಕಾಗದವಿಲ್ಲ. ಎಂಬತ್ತು ವರ್ಷದ ಒಬ್ಬ ಅಜ್ಜಿ ಬಂದು, ಅವಳ ತಾಯಿ ಬಸುರಾದದ್ದಕ್ಕೆ ಥಾಮಸ್ ಕೀ ದಂಡ ಕಟ್ಟಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ ಅಂತ ಸಾಕ್ಷಿ ಹೇಳಿದರು. ಜ್ಯೂರಿ ಅವಳ ಪರ ನಿಂತಿತು. ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಅವಳು ಬಿಡಲಿಲ್ಲ, ವಸಾಹತಿನ ಶಾಸನಸಭೆಯವರೆಗೂ ಹೋದಳು. 1656ರಲ್ಲಿ ಬಿಡುಗಡೆ ಸಿಕ್ಕಿತು. ಕರಾರು ಮುಗಿಸಿದ ಆಳಿಗೆ ಕೊಡುವಂತೆ ಜೋಳ, ಬಟ್ಟೆಯನ್ನೂ ಕೊಡಬೇಕು ಅಂತ ಶಾಸನಸಭೆಯ ಸಮಿತಿ ಹೇಳಿತ್ತು. ಅವಳ ಪರ ಓಡಾಡಿದ ವಿಲಿಯಂ ಗ್ರಿನ್‌ಸ್ಟೆಡ್‌ನನ್ನೇ ಅವಳು ಮದುವೆಯಾದಳು.

ಆದರೆ 1662ರಲ್ಲಿ ವರ್ಜೀನಿಯಾ ಹೊಸ ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. 1667ರಲ್ಲಿ ಇನ್ನೊಂದು: ದೀಕ್ಷಾಸ್ನಾನದಿಂದ ಬಿಡುಗಡೆ ಇಲ್ಲ. ಎಲಿಜಬೆತ್ ಹಿಡಿದು ಬಂದಿದ್ದ ಮೂರು ವಾದಗಳಲ್ಲಿ ಎರಡು, ಅವಳ ಹಿಂದೆ ಬಂದ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯಲಿಲ್ಲ.