ಎಣ್ಣೆ ಹಚ್ಚಿದ ಮೇಲೆ ಗೀರು ಎಲ್ಲಿಂದ ಬಂತು?

"ತೋಟದ ಹಲಸಿನ ಮರ ಬಿತ್ತು. ಅದರ ಕವಲಿನ ತುಂಡಿನಲ್ಲಿ ಕುಂಕುಮದ ಡಬ್ಬಿ ಮಾಡಿದೆ. ಉಜ್ಜಿದಾಗ ನುಣ್ಣಗೇ ಇತ್ತು. ಅಗಸೆ ಎಣ್ಣೆ ಹಚ್ಚಿದ್ದೇ ತಡ, ಮುಚ್ಚಳದ ತುಂಬ ಸುರುಳಿ ಸುರುಳಿ ಗೀರು! ಎಣ್ಣೆ ಸರಿಯಿಲ್ವಾ?"
— ಗುಬ್ಬಿ ತಾಲ್ಲೂಕು, ಚೇಳೂರು ಕಡೆಯ ಓದುಗರು

ಎಣ್ಣೆಯನ್ನು ಬೈಯಬೇಡಿ. ಗೀರು ಮೊದಲೇ ಇದ್ದವು. ಒಣ ಮರದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ, ಎಣ್ಣೆ ಕುಡಿದು ಕಪ್ಪಾದ ಮೇಲೆ ಬಿದ್ದವು. ಸುರುಳಿಯಾಗಿವೆ ಅಂದರೆ ಸ್ಯಾಂಡಿಂಗ್ ಮೆಷೀನನ್ನು ಒತ್ತಿ ಹಿಡಿದಿದ್ದೀರಿ, ಇಲ್ಲವೇ 80ರ ಒರಟು ಉಪ್ಪು ಕಾಗದದಿಂದ ನೇರ 220ರ ನಯವಾದ ಕಾಗದಕ್ಕೆ ಹಾರಿದ್ದೀರಿ. ನಾನೂ ಹಾರಿ ಕೆಟ್ಟವನೇ.

ಹಲಸು ನಿಮ್ಮ ಕಡೆ ಮನೆಮಗನಿದ್ದ ಹಾಗೆ, ಆದರೆ ಅದರ ಕವಲು ಹೇಳಿದಂತೆ ಕೇಳುವ ಮರವಲ್ಲ. ಎರಡು ಕೊಂಬೆ ಕೂಡುವಲ್ಲಿ ನಾರು ನೆಟ್ಟಗೆ ಓಡುವುದಿಲ್ಲ. ಸುತ್ತುತ್ತದೆ, ಏಳುತ್ತದೆ, ಮುಳುಗುತ್ತದೆ. ನವಿಲುಗರಿಯಂಥ ಆ ಚಿತ್ತಾರ ಬರುವುದು ಅದರಿಂದ, ತೊಂದರೆಯೂ ಅದರಿಂದಲೇ. ಉಜ್ಜುಗೊರಡು ಹಾಕಿದರೆ ಇಲ್ಲಿ ನುಣುಪು, ಎರಡು ಬೆರಳು ಆಚೆ ಚಕ್ಕೆ ಕಿತ್ತು ಬರುತ್ತದೆ. "ಎಳೆ ಹೋದ ಕಡೆಗೇ ಉಜ್ಜಪ್ಪಾ" ಎನ್ನುವ ಆಚಾರ್ರ ಮಾತು ನೆಟ್ಟನೆ ಹಲಗೆಗೆ ಸರಿ. ಇಲ್ಲಿ ಯಾವ ಕಡೆ ಉಜ್ಜಿದರೂ ಎಲ್ಲೋ ಒಂದು ಕಡೆ ನಾರಿಗೆ ಅಡ್ಡವೇ. ಅಡ್ಡ ಬಿದ್ದ ಗೀರು ನಾರನ್ನು ಕತ್ತರಿಸುತ್ತದೆ, ಜಾಸ್ತಿ ಕಾಣುತ್ತದೆ.

ಹಾಗಾಗಿ ನಂಬರ್ ಹಾರಿಸಬೇಡಿ. 120, 150, 180, 220. ಹಿಂದಿನ ಕಾಗದದ ಗೀರು ಪೂರ್ತಿ ಅಳಿಯುವ ತನಕ ಮುಂದಿನದನ್ನು ಮುಟ್ಟಬೇಡಿ. ಬದಲಿಸುವಾಗ ಧೂಳು ಒರೆಸಿ. ಹಳೇ ಕಾಗದದ ಒಂದು ಕಾಳು ಉಳಿದರೂ ಹೊಸ ಗೀರು. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮರದ ಮೇಲೆ ಮಲಗಿಸಿದಂತೆ ಹಿಡಿದು ನೋಡಿ, ಒಂದೂ ತಪ್ಪಿಸಿಕೊಳ್ಳದು. ಆದರೂ ಅನುಮಾನವೇ? ಸ್ಪಿರಿಟ್ ಒರೆಸಿ. ಎಣ್ಣೆ ಹಚ್ಚಿದರೆ ಮರ ಹೇಗೆ ಕಾಣುತ್ತದೋ ಅದನ್ನು ಒಂದು ಗಳಿಗೆ ತೋರಿಸಿ ಆರಿಹೋಗುತ್ತದೆ. ಆಗ ಪಕ್ಕದಲ್ಲಿ ಬೀಡಿ ಮಾತ್ರ ಬೇಡ.

ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನಾರು ಸಣ್ಣ ಮುಳ್ಳಿನಂತೆ ಏಳುತ್ತದೆ. ಸವೆದ 220ರ ಕಾಗದದಿಂದ ಕೈಯಲ್ಲೇ ಸುಮ್ನೆ ಸವರಿ, ಒತ್ತಬೇಡಿ.

ಈಗಿನ ಡಬ್ಬಿಗೆ? ಎಣ್ಣೆ ಪೂರ್ತಿ ಆರಿದ ಮೇಲೆ 120ರಿಂದ ಮತ್ತೆ ಶುರು. ಬೇಜಾರೇ, ಆದರೆ ಬೇರೆ ದಾರಿಯಿಲ್ಲ. ಮೂಗಿಗೆ ಮಾಸ್ಕ್ ಇರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.