ಧಾತು ಬರದಲ್ಲಿ ಸತ್ತವರೆಷ್ಟು: ನಾನು ಎಡವಿದ ಕಳೆಯುವ ಲೆಕ್ಕ

ಅಭ್ಯಾಸ ಪರೀಕ್ಷೆಯೊಂದರಲ್ಲಿ ಪ್ರಶ್ನೆ ಹೀಗಿತ್ತು: ‘1876–78ರ ಬರದಿಂದ ಮೈಸೂರು ಸಂಸ್ಥಾನಕ್ಕಾದ ಜನಹಾನಿಯನ್ನು ಜನಗಣತಿಯ ಆಧಾರದ ಮೇಲೆ ವಿವರಿಸಿ.’ ಎರಡು ಗಣತಿಯ ಅಂಕಿಗಳು ನನಗೆ ಬಾಯಿಪಾಠವಾಗಿದ್ದವು. ದೊಡ್ಡದರಿಂದ ಚಿಕ್ಕದನ್ನು ಕಳೆದೆ, ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಹತ್ತಕ್ಕೆ ಮೂರು ಅಂಕ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇವರೆಲ್ಲ ಸತ್ತವರೇ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ನಾಲ್ಕು ದಿನ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಪಾಠದಲ್ಲಿ ಸಿಕ್ಕಿಕೊಂಡವರಿಗೂ ಪ್ರಯೋಜನವಾದೀತು.

ಮೊದಲು ಹೆಸರು

ಹಳೆಯ ಮೈಸೂರಿನ ಕಡೆಯ ಹಿರಿಯರು ಇದನ್ನು ಇಸವಿಯಿಂದ ಗುರುತಿಸುವುದಿಲ್ಲ. ಧಾತು ಬರ ಅಥವಾ ಧಾತು ಈಶ್ವರ ಬರ ಎನ್ನುತ್ತಾರೆ. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಇಸವಿ ನೆನಪಿಡಲು ನನ್ನದೊಂದು ಅಡ್ಡದಾರಿ ಇದೆ. 1867ರ ಯುಗಾದಿಗೆ ಪ್ರಭವ ಶುರು ಎಂಬುದೊಂದನ್ನು ನೆನಪಿಟ್ಟರೆ ಸಾಕು. ಬೆರಳು ಮಡಚುತ್ತಾ ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ, ಭಾವ, ಯುವ ಎಂದು ಬನ್ನಿ. ಹತ್ತನೆಯ ಬೆರಳಿಗೆ ಧಾತು ಸಿಗುತ್ತದೆ. 1867ಕ್ಕೆ ಒಂಬತ್ತು ಸೇರಿಸಿದರೆ 1876. ಮುಂದಿನ ಈಶ್ವರ 1877. ಚಕ್ರ ಅರವತ್ತು ವರ್ಷದ್ದಾದ್ದರಿಂದ 1936 ಮತ್ತು 1996 ಕೂಡ ಧಾತುವೇ.

ಇಲ್ಲೊಂದು ಎಚ್ಚರಿಕೆ. ಸಂವತ್ಸರ ಬದಲಾಗುವುದು ಜನವರಿಯಲ್ಲಲ್ಲ, ಯುಗಾದಿಗೆ. ಆದ್ದರಿಂದ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ ದೆಹಲಿ ದರ್ಬಾರು, ಅಂದರೆ 1877ರ ಜನವರಿ 1, ಇನ್ನೂ ಧಾತು ಸಂವತ್ಸರದ್ದೇ. ವೈಸ್‌ರಾಯ್ ಲಿಟ್ಟನ್ ಅಲ್ಲಿ ಔತಣ ನಡೆಸುತ್ತಿದ್ದಾಗ ಇಲ್ಲಿ ಬರ ಏರುಮುಖದಲ್ಲಿತ್ತು. ಉತ್ತರ ಭಾರತದ ಸಂವತ್ಸರ ಎಣಿಕೆ ಬೇರೆ. ಅಲ್ಲಿನ ಪಂಚಾಂಗಕ್ಕೆ ಈ ಬೆರಳೆಣಿಕೆ ಹೊಂದುವುದಿಲ್ಲ. 1791–92ರ ಡೋಜಿ ಬರ, ಅಂದರೆ ತಲೆಬುರುಡೆ ಬರ, ಬೇರೆಯೇ ದುರಂತ. ನಾನು ಒಮ್ಮೆ ಎರಡನ್ನೂ ಬೆರೆಸಿ ಬರೆದಿದ್ದೆ.

ಬರ ಬಂದ ಬಗೆ

ಇದು ಪಠ್ಯದಲ್ಲಿ ಚೆನ್ನಾಗಿಯೇ ಇದೆ, ಬೇಗ ಮುಗಿಸುತ್ತೇನೆ. 1875ರಲ್ಲಿ ಮಳೆ ಸಾಲಲಿಲ್ಲ, 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು, 1877ರ ಮುಂಗಾರೂ ಸಕಾಲಕ್ಕೆ ಬರಲಿಲ್ಲ. ಒಂದು ವರ್ಷದ ಬರಕ್ಕೆ ಮೈಸೂರಿನ ರೈತನಲ್ಲಿ ಉಪಾಯವಿತ್ತು: ಹಗೇವು. ನೆಲದಲ್ಲಿ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಆದರೆ ಬರದ ಮೇಲೆ ಬರ ಬಂದರೆ ಹಗೇವೂ ಬರಿದಾಗುತ್ತದೆ. ಗುಂಡಿಯನ್ನೇ ತೋಡಿಸದ ಕೂಲಿಯವನಿಗಂತೂ ಮೊದಲ ವರ್ಷದಲ್ಲೇ ಏನೂ ಇರಲಿಲ್ಲ.

ರೈಲು ಇತ್ತಲ್ಲ ಎಂದು ಕೇಳುವವರಿದ್ದಾರೆ. 1864ರಿಂದಲೇ ಮದ್ರಾಸ್ ಕಡೆಯಿಂದ ಬೆಂಗಳೂರಿಗೆ ರೈಲು ಬರುತ್ತಿತ್ತು, ಆದರೆ ಬೆಂಗಳೂರಿನ ಆಚೆಗೆ ಹಳಿ ಇರಲಿಲ್ಲ. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸತ್ತಮೇಲೆ ಗಾಡಿ ಎಳೆಯುವವರು ಯಾರು? ಬೆಂಗಳೂರು–ಮೈಸೂರು ರೈಲುದಾರಿ ಪೂರ್ತಿಯಾದದ್ದು 1882ರಲ್ಲಿ, ಬರ ಮುಗಿದು ನಾಲ್ಕು ವರ್ಷದ ಮೇಲೆ.

ಟೆಂಪಲ್ ಕೂಲಿ

ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ: ಬಹಳ ದಿನ ನಾನು ಇದನ್ನು ದೇವಸ್ಥಾನದ ಕೆಲಸಕ್ಕೆ ಕೊಡುತ್ತಿದ್ದ ಕೂಲಿ ಎಂದುಕೊಂಡಿದ್ದೆ. ಟೆಂಪಲ್ ಎನ್ನುವುದು ವ್ಯಕ್ತಿಯ ಹೆಸರು, ಸರ್ ರಿಚರ್ಡ್ ಟೆಂಪಲ್. 1873–74ರಲ್ಲಿ ಬಿಹಾರದಲ್ಲಿ ಅಭಾವ ತಲೆದೋರಿದಾಗ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದವನೇ ಈತ. ಅಲ್ಲಿ ಹಸಿವಿನ ಸಾವು ತೀರಾ ಕಡಿಮೆ. ಅದಕ್ಕೆ ಸಿಕ್ಕ ಬಹುಮಾನವೆಂದರೆ ‘ದುಂದುವೆಚ್ಚ ಮಾಡಿದ’ ಎಂಬ ಬೈಗುಳ. ಮೂರು ವರ್ಷದ ನಂತರ, 1877ರ ಜನವರಿಯಲ್ಲಿ, ದಕ್ಷಿಣದ ಬರ ಪ್ರದೇಶಗಳಿಗೆ ಅವನನ್ನೇ ಪ್ರತಿನಿಧಿಯಾಗಿ ಕಳಿಸಿದಾಗ ಆ ಕಳಂಕ ತೊಳೆದುಕೊಳ್ಳುವ ಆತುರದಲ್ಲಿದ್ದ. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ.

ಒಂದು ಪೌಂಡ್ ಅಂದರೆ ಎಷ್ಟು ಎಂದು ಪುಸ್ತಕ ಓದಿದರೆ ತಿಳಿಯುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ 450 ಗ್ರಾಂ ರಾಗಿಹಿಟ್ಟು ತೂಗಿದೆ. ಅಮ್ಮ ಬಂದು ‘ಇದೆಲ್ಲ ಯಾರಿಗೋ?’ ಎಂದರು. ನಮ್ಮ ಮನೆಯ ಅಳತೆಗೆ ಅದು ನಾಲ್ಕು ಮುದ್ದೆ. ನಿಜ ಹೇಳಬೇಕೆಂದರೆ, ತಟ್ಟೆಯಲ್ಲಿ ಸಾಲಾಗಿ ಇಟ್ಟು ನೋಡಿದಾಗ ಸಾಕಷ್ಟೇ ಇದೆಯಲ್ಲ ಅನ್ನಿಸಿತು. ನಾನು ಮೋಸಹೋದದ್ದು ಅಲ್ಲೇ. ಆ ನಾಲ್ಕು ಮುದ್ದೆಯೇ ಇಡೀ ದಿನದ ಊಟ. ಸಾರಿಗೆ ಬೇಳೆ ಇಲ್ಲ, ಎಣ್ಣೆ ಇಲ್ಲ, ಮಜ್ಜಿಗೆ ಇಲ್ಲ, ಏಕೆಂದರೆ ಹಸುವೂ ಇಲ್ಲ. ಲೆಕ್ಕ ಹಾಕಿದರೆ ಸುಮಾರು 1,500 ಕ್ಯಾಲೊರಿ. ಕುಳಿತು ಓದುವ ನನಗೇ ಅದು ಸಾಲದು. ಬಿಸಿಲಲ್ಲಿ ಮಣ್ಣು ಅಗೆದು ಹೊರುವವನಿಗೆ ಎಲ್ಲಿಂದ ಸಾಕು? ಕೆಲಸಕ್ಕೆ ಬರಲಾಗದ ಮುದುಕರು ಮನೆಯಲ್ಲಿದ್ದರೆ ಅದರಲ್ಲೇ ಪಾಲು.

ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕೆಂಬುದು ಅವನ ವಾದ. ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಒಂದೂಕಾಲು ಪೌಂಡ್ ಧಾನ್ಯಕ್ಕೂ ಸ್ವಲ್ಪ ಬೇಳೆಗೂ ಒಪ್ಪಿತು. ಬೊಂಬಾಯಿ ಪ್ರಾಂತ್ಯದಲ್ಲಿ ಹೊಟ್ಟೆಗಿಲ್ಲದ ಕೂಲಿಗಳೇ ಕೆಲಸ ಬಿಟ್ಟು ಎದ್ದುಹೋದರು. ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಘಟನೆ ಅವರ ಪರ ನಿಂತಿತು. ಪರೀಕ್ಷೆಗೆ ಇಷ್ಟು ಸಾಕು.

ಈಗ ಆ ಲೆಕ್ಕ

ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412. 1881ರ ಗಣತಿಯಲ್ಲಿ 41,86,188. ವ್ಯತ್ಯಾಸ 8,69,224, ಅಂದರೆ ನೂರಕ್ಕೆ ಹದಿನೇಳು ಜನ. ನಾನು ‘ಸತ್ತವರು’ ಎಂದು ಬರೆದದ್ದು ಈ ಸಂಖ್ಯೆಯನ್ನೇ. ಆದರೆ ಇದು ಸತ್ತವರ ಸಂಖ್ಯೆಯಲ್ಲ. ಹಾಗಾದರೆ ಏನು?

ಲಕ್ಷಗಳಲ್ಲಿ ಯೋಚಿಸಿದಾಗ ನನಗೆ ತಲೆ ಓಡಲಿಲ್ಲ. ಒಂದು ಕಲ್ಪಿತ ಹಳ್ಳಿ ಇಟ್ಟುಕೊಂಡ ಮೇಲೆ ಬಿಡಿಸಿಕೊಂಡಿತು. (ಕೆಳಗಿನ ಅಂಕಿಗಳೆಲ್ಲ ನಾನು ಕಲಿಯಲು ಮಾಡಿಕೊಂಡವು, ಎಲ್ಲಿಯೂ ಉಲ್ಲೇಖಿಸಬೇಡಿ.)

ಊರಿನಲ್ಲಿ ಸಾವಿರ ಜನ. ಸಾಧಾರಣ ವರ್ಷದಲ್ಲಿ 40 ಮಕ್ಕಳು ಹುಟ್ಟುತ್ತವೆ, 35 ಜನ ಸಾಯುತ್ತಾರೆ. ವರ್ಷದ ಕೊನೆಗೆ 1,005 ಜನ. ಧಾತು ಸಂವತ್ಸರ ಬಂತು. ಆ ವರ್ಷ 200 ಜನ ಸತ್ತರು. ಹುಟ್ಟಿದವು 15 ಮಾತ್ರ. ಹೊಟ್ಟೆಗಿಲ್ಲದ ಹೆಣ್ಣಿಗೆ ಬಸಿರು ನಿಲ್ಲುವುದಿಲ್ಲ, ಗಂಡ ಊರಲ್ಲೇ ಇಲ್ಲ. ನೂರು ಜನ ಗುಳೆ ಹೋದರು, ನಲವತ್ತು ಜನ ಮರಳಿದರು. ವರ್ಷದ ಕೊನೆಗೆ ಶಾನುಭೋಗ ತಲೆ ಎಣಿಸಿದರೆ:

1,000 + 15 − 200 − 60 = 755.

ನನ್ನ ಹಳೆಯ ವಿಧಾನದಲ್ಲಿ ಉತ್ತರ 1,000 − 755, ಅಂದರೆ 245 ಸಾವು. ಆದರೆ ಸತ್ತವರು 200 ಎಂದು ನಾವೇ ಇಟ್ಟುಕೊಂಡಿದ್ದೇವೆ! ಉಳಿದ 45 ಎಲ್ಲಿಂದ ಬಂತು? ಅರವತ್ತು ಜನ ಊರು ಬಿಟ್ಟವರು, ಹದಿನೈದು ಹೊಸದಾಗಿ ಹುಟ್ಟಿದವು; 60 − 15 = 45. ಎಲ್ಲೋ ಬದುಕಿರಬಹುದಾದವರನ್ನು ನಾನು ಸತ್ತವರ ಪಟ್ಟಿಗೆ ಸೇರಿಸಿದ್ದೆ.

ಇನ್ನೂ ಒಂದು ಹೆಜ್ಜೆ ಇದೆ. ನಾನು ಎಡವಿದ್ದಷ್ಟೇ ಅಲ್ಲ, ಬಿದ್ದದ್ದು ಇಲ್ಲಿ. ಆ 200 ಸಾವೂ ಬರದ ಸಾವಲ್ಲ. ಬರ ಬಾರದಿದ್ದರೂ 35 ಜನ ಸಾಯುತ್ತಿದ್ದರು. ಆದ್ದರಿಂದ ಬರದ ಲೆಕ್ಕಕ್ಕೆ ಬರೆಯಬೇಕಾದದ್ದು 200 − 35 = 165. ಇದಕ್ಕೆ ಹೆಚ್ಚುವರಿ ಸಾವು ಎನ್ನುತ್ತಾರೆ. ಇದು ಮೊದಲಿಗೆ ನನಗೆ ಸರ್ಕಾರದ ಪರ ಮಾಡುವ ವಕಾಲತ್ತಿನಂತೆ ಕಂಡು ಸಿಟ್ಟು ಬಂತು. ಮತ್ತೊಮ್ಮೆ ಯೋಚಿಸಿದಾಗ ಉಲ್ಟಾ ಎಂದು ಗೊತ್ತಾಯಿತು. ಬರದ ಕಾಲದ ಸಾವುಗಳಲ್ಲಿ ಬಹುಪಾಲು ಕಾಲರಾ, ಆಮಶಂಕೆ, ಸಿಡುಬು, ಜ್ವರದವು. ಮಳೆ ಮರಳಿದ ಮೇಲೆ ಮಲೇರಿಯಾ. ಕಾರಣ ನೋಡಿ ಎಣಿಸಿದರೆ ‘ಹಸಿವಿನಿಂದ ಸತ್ತವರು’ ಬೆರಳೆಣಿಕೆಯಷ್ಟೇ ಎಂದು ಅಧಿಕಾರಿ ವಾದಿಸಬಹುದು. ಹೆಚ್ಚುವರಿ ಸಾವಿನ ಲೆಕ್ಕ ಕಾರಣವನ್ನೇ ಕೇಳುವುದಿಲ್ಲ: ಸಾಮಾನ್ಯವಾಗಿ ಇಷ್ಟು, ಈ ವರ್ಷ ಇಷ್ಟು, ನಡುವಿನ ಅಂತರ ಬರದ್ದು. ಕಾಲರಾದ ಮರೆಯಲ್ಲಿ ಅಡಗಿಕೊಳ್ಳಲು ಅದು ಬಿಡುವುದಿಲ್ಲ.

ಈಗ ಹಳ್ಳಿಯ ಲೆಕ್ಕ ತಾಳೆ ನೋಡಿ. ಬರವಿಲ್ಲದಿದ್ದರೆ 1,005, ಇರುವುದು 755, ಕೊರತೆ 250. ಹೆಚ್ಚುವರಿ ಸಾವು 165, ಹುಟ್ಟದೇ ಹೋದವು 25, ಗುಳೆ ಹೋಗಿ ಮರಳದವರು 60. ಕೂಡಿದರೆ 250. ಸರಿಹೋಯಿತು. ಇದು ಸರಿಹೋದ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಎಂಥ ವಿಷಯಕ್ಕೆ ನೆಮ್ಮದಿ ಎಂದು ಬೆಳಿಗ್ಗೆ ಹೊಳೆಯಿತು.

ಹಳ್ಳಿಯಿಂದ ಸಂಸ್ಥಾನಕ್ಕೆ

ಮೈಸೂರಿನ ವಿಷಯದಲ್ಲಿ ತೊಡಕು ಒಂದಲ್ಲ. ಗಣತಿ ನಡೆದದ್ದು ಬರದ ಹಿಂದಿನ ದಿನ, ಮುಂದಿನ ದಿನ ಅಲ್ಲ. 1871ರ ನವೆಂಬರಿನಿಂದ 1876ರವರೆಗೆ ಜನ ಹೆಚ್ಚಿರಬೇಕು. 1878ರಿಂದ 1881ರ ಫೆಬ್ರುವರಿವರೆಗೆ ಉಳಿದವರಲ್ಲಿ ಮತ್ತೆ ಮಕ್ಕಳು ಹುಟ್ಟಿವೆ, ಗುಳೆ ಹೋದವರಲ್ಲಿ ಕೆಲವರು ಮರಳಿದ್ದಾರೆ. ಅಂದರೆ ಹಳ್ಳದ ಎರಡೂ ದಡದಲ್ಲಿ ಮಣ್ಣು ತುಂಬಿದೆ. ನಾವು ಅಳೆಯುತ್ತಿರುವುದು ನಿಜವಾದ ಆಳಕ್ಕಿಂತ ಕಡಿಮೆ.

ಹಾಗಾಗಿ ‘ಬರ ಬಾರದಿದ್ದರೆ 1881ರಲ್ಲಿ ಎಷ್ಟು ಜನ ಇರುತ್ತಿದ್ದರು’ ಎಂದು ಊಹಿಸಬೇಕು. ಎರಡು ಗಣತಿಗಳ ನಡುವೆ ಒಂಬತ್ತೂಕಾಲು ವರ್ಷ. ವರ್ಷಕ್ಕೆ ನೂರಕ್ಕೆ ಒಂದರಂತೆ ಬೆಳೆದಿದ್ದರೆ 55.43 ಲಕ್ಷ, ಕೊರತೆ 13.57 ಲಕ್ಷ. ನೂರಕ್ಕೆ ಅರ್ಧದಂತೆ ಬೆಳೆದಿದ್ದರೆ 52.94 ಲಕ್ಷ, ಕೊರತೆ 11.08 ಲಕ್ಷ. ಊಹೆಯಲ್ಲಿ ಅರ್ಧ ಅಂಶ ಅತ್ತಿತ್ತ ಆದರೆ ಎರಡೂವರೆ ಲಕ್ಷ ಜನ ಕಾಣಿಸಿಕೊಳ್ಳುತ್ತಾರೆ ಅಥವಾ ಮಾಯವಾಗುತ್ತಾರೆ. ಈ ಕೊರತೆಯಿಂದ ಹುಟ್ಟದವರನ್ನೂ ಮರಳದವರನ್ನೂ ತೆಗೆದ ಮೇಲೆ ಉಳಿಯುವುದು ಹೆಚ್ಚುವರಿ ಸಾವು. ಮೈಸೂರಿನಲ್ಲಿ ಸತ್ತವರು ಸುಮಾರು ಹತ್ತು ಲಕ್ಷ, ಜನಸಂಖ್ಯೆಯ ಐದನೆಯ ಒಂದು ಪಾಲು ಎಂದು ಪುಸ್ತಕಗಳು ಹೇಳುವುದು ಕಳೆಯುವ ಲೆಕ್ಕದ 8.69 ಲಕ್ಷಕ್ಕಿಂತ ಏಕೆ ಹೆಚ್ಚು ಎಂಬುದು ಈಗ ಅರ್ಥವಾಗುತ್ತದೆ. ಇಡೀ ಭಾರತದ ಅಂದಾಜು ಐವತ್ತಾರು ಲಕ್ಷದಿಂದ ತೊಂಬತ್ತಾರು ಲಕ್ಷದವರೆಗೆ ಹಿಗ್ಗುವುದೂ ಇಂಥದೇ ಕಾರಣಕ್ಕೆ.

ಸಾವಿನ ದಾಖಲೆ ನೇರವಾಗಿ ನೋಡಬಾರದೇ ಎಂದು ಗೆಳೆಯನೊಬ್ಬ ಕೇಳಿದ. ನೋಡಬಹುದು, ಆದರೆ ಬರೆಯುವವರು ಯಾರು? ಸಾವಿನ ಸುದ್ದಿ ಕೊಡಬೇಕಾದವರು ಹಳ್ಳಿಯ ಚಾಕರಿಯವರು. ಅವರೇ ಸತ್ತರೆ, ಗುಳೆ ಹೋದರೆ, ಆ ಊರಿನ ಸಾವು ಪುಸ್ತಕಕ್ಕೆ ಬರುವುದಿಲ್ಲ. ದಾರಿಬದಿಯಲ್ಲಿ ಬಿದ್ದವನು ಯಾವ ಊರಿನವನೂ ಅಲ್ಲ. ಬರ ಹೆಚ್ಚಾದಲ್ಲೇ ದಾಖಲೆ ತೆಳುವಾಗುತ್ತದೆ. ಇದಕ್ಕೇ ಗಣತಿಯ ಸುತ್ತುದಾರಿ.

ಉಳಿದದ್ದು

ಒಂದೇ ಉಸಿರಿನಲ್ಲಿ ಹೇಳುತ್ತೇನೆ. 1831ರಿಂದ ಮೈಸೂರು ನೇರ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಬರ ನಿರ್ವಹಿಸಿದ್ದೂ ಅವರೇ. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿಸಿದಾಗ ಬರದ ಖರ್ಚಿನ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೇ ಹಸ್ತಾಂತರಿಸಿದರು. ದಿವಾನರಾಗಿ ಅದನ್ನು ಹೊತ್ತವರು ರಂಗಾಚಾರ್ಲು. ಅಖಿಲ ಭಾರತ ಮಟ್ಟದಲ್ಲಿ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು, ಅಂದರೆ ಬರ ಬಂದಾಗ ಸರ್ಕಾರ ಏನು ಮಾಡಬೇಕೆಂಬ ನಿಯಮಗಳು, ಹುಟ್ಟಿದವು. ಎರಡು ಅಂಕದ ಪ್ರಶ್ನೆ ಸಾಮಾನ್ಯವಾಗಿ ಇಲ್ಲಿಂದಲೇ ಬರುತ್ತದೆ.

ಲೆಕ್ಕ ಕೈಗೆ ಹತ್ತಿತೇ ನೋಡಿಕೊಳ್ಳಲು: ಬೆಳವಣಿಗೆ ವರ್ಷಕ್ಕೆ ನೂರಕ್ಕೆ ಮುಕ್ಕಾಲು ಎಂದಿಟ್ಟುಕೊಂಡು ಮೈಸೂರಿನ ಕೊರತೆ ತೆಗೆಯಿರಿ. 12.31 ಲಕ್ಷ ಬರಬೇಕು. 3.62 ಲಕ್ಷ ಬಂದರೆ ನೀವು 1881ರ ಗಣತಿಯ ಬದಲು 1871ರದನ್ನು ಕಳೆದಿದ್ದೀರಿ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ.